ಅವ್ವನ ಎಲುಬು ಸವೆದಾಗ: ಪರೀಕ್ಷೆ, ಗುಳಿಗೆ, ಊಟ, ಬಚ್ಚಲು

ಅವ್ವನ ಬಲಗೈ ಮಣಿಕಟ್ಟು ಮುರಿದದ್ದು ಬಚ್ಚಲಿನಲ್ಲಿ. ಶಹಾಬಾದ್ ಫರ್ಸಿ, ಅದರ ಮೇಲೆ ಸಾಬೂನಿನ ನೀರು. ಕಾಲು ಜಾರಿತು, ಕೈ ಊರಿದಳು, ಅಷ್ಟೇ. ಆಗ ಆಕೆಗೆ 56. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿ, "ಕೂಡ್ಯಾದ, ಮನೀಗಿ ಹೋಗ್ರಿ" ಎಂದರು. ಅಷ್ಟು ಸಣ್ಣ ಪೆಟ್ಟಿಗೆ ಎಲುಬು ಯಾಕೆ ಮುರಿಯಿತು ಎಂದು ಯಾರೂ ಕೇಳಲಿಲ್ಲ. ಕಲಬುರಗಿಯಲ್ಲಿ ದಿನವಿಡೀ ಔಷಧ ಅಂಗಡಿಯಲ್ಲಿ ನಿಲ್ಲುವ ನಾನೂ ಕೇಳಲಿಲ್ಲ. ನಾಲ್ಕು ವರ್ಷದ ಮೇಲೆ ನೀರಿನ ಕೊಡ ಎತ್ತುವಾಗ ಬೆನ್ನು ಹಿಡಿಯಿತು. ಎಕ್ಸ್‌ರೇ ತೆಗೆಸಿದರೆ ಬೆನ್ನೆಲುಬಿನ ಒಂದು ಮಣಿ ಕುಸಿದು ಕೂತಿತ್ತು. ಆ ನಾಲ್ಕು ವರ್ಷ ನಿಮ್ಮ ಮನೆಯಲ್ಲಿ ಹಾಳಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಐವತ್ತು ದಾಟಿದವರು ನಿಂತಲ್ಲಿಂದ ಬಿದ್ದು ಎಲುಬು ಮುರಿದುಕೊಂಡರೆ ಅದನ್ನು ಬರೀ ಪೆಟ್ಟು ಎಂದು ಬಿಡಬೇಡಿ. ಪ್ಲಾಸ್ಟರ್ ಹಾಕಿದ ಡಾಕ್ಟರನ್ನೇ ಕೇಳಿ: "ಎಲುಬು ಸವೆದದ ಏನು, ನೋಡಬೇಕೇನ್ರಿ?" ನೋಡುವ ಪರೀಕ್ಷೆಯ ಹೆಸರು ಡೆಕ್ಸಾ ಸ್ಕ್ಯಾನ್. ಸೊಂಟ ಮತ್ತು ಬೆನ್ನಿನ ಎಲುಬಿನ ಸಾಂದ್ರತೆ ಅಳೆಯುತ್ತಾರೆ. ಹತ್ತು–ಹದಿನೈದು ನಿಮಿಷ ಮಲಗಿದರೆ ಮುಗಿಯಿತು, ನೋವಿಲ್ಲ. ಆ ದಿನ ಬೆಳಿಗ್ಗೆ ಕ್ಯಾಲ್ಸಿಯಂ ಗುಳಿಗೆ ಮಾತ್ರ ನುಂಗಬಾರದು. ಎಲ್ಲ ಆಸ್ಪತ್ರೆಯಲ್ಲೂ ಈ ಯಂತ್ರ ಇರುವುದಿಲ್ಲ, ಮೊದಲು ಫೋನ್ ಮಾಡಿ ಕೇಳಿ. ನಾವು ಹೈದರಾಬಾದಿಗೆ ಹೋಗಿ ಮಾಡಿಸಿದೆವು. ಶಿಬಿರಗಳಲ್ಲಿ ಹಿಮ್ಮಡಿಗೆ ಸಣ್ಣ ಯಂತ್ರ ಹಚ್ಚಿ ಚೀಟಿ ಕೊಡುತ್ತಾರಲ್ಲ, ಅದು ಸುಳಿವಷ್ಟೇ. ಅದನ್ನು ನೋಡಿ ಔಷಧ ಶುರು ಮಾಡಬೇಡಿ.

ಡೆಕ್ಸಾ ವರದಿಯಲ್ಲಿ ಟಿ-ಸ್ಕೋರ್ ಎಂಬ ಅಂಕಿ ಹುಡುಕಿ. ಮೈನಸ್ 1ರವರೆಗೆ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಎಲುಬು ತೆಳುವಾಗುತ್ತಿದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಸವೆಯುವ ರೋಗ. ಅವ್ವನದು ಮೈನಸ್ 3.1 ಇತ್ತು.

ಡಾಕ್ಟರ ಮುಂದೆ ಕೂತಾಗ ಮುಚ್ಚಿಡದೆ ಹೇಳಬೇಕಾದ ಮಾತುಗಳಿವೆ. ಮುಟ್ಟು ಯಾವ ವಯಸ್ಸಿಗೆ ನಿಂತಿತು? ಗರ್ಭಚೀಲ ತೆಗೆಸಿದ್ದಾರೆಯೇ, ಅದರ ಜೊತೆ ಅಂಡಾಶಯವನ್ನೂ ತೆಗೆದಿದ್ದಾರೆಯೇ? ನಮ್ಮ ಭಾಗದಲ್ಲಿ ಇದು ದೊಡ್ಡ ಪ್ರಶ್ನೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹರೆಯದ ಹೆಣ್ಣುಮಕ್ಕಳಿಗೂ ಬೇಕಿಲ್ಲದೆ ಗರ್ಭಕೋಶ ತೆಗೆದ ಸಂಗತಿ ರಾಜ್ಯಕ್ಕೆಲ್ಲ ಗೊತ್ತಾಯಿತು. ಅಂಡಾಶಯವೂ ಹೋದರೆ ಎಲುಬು ಕಾಯುವ ಈಸ್ಟ್ರೋಜೆನ್ ಹಾರ್ಮೋನು ಅಂದೇ ನಿಲ್ಲುತ್ತದೆ. ಅವ್ವನಿಗೆ 38ರಲ್ಲೇ ಎರಡನ್ನೂ ತೆಗೆದಿದ್ದರು. ಮುಂದೆ ಎಲುಬಿನ ಗತಿ ಏನು ಎಂದು ಆಗ ಒಬ್ಬರೂ ಹೇಳಲಿಲ್ಲ. ಅದು ಇಂದಿಗೂ ನನ್ನ ಹೊಟ್ಟೆಯಲ್ಲಿ ಉರಿಯುತ್ತದೆ. ಅಂಥವರು ಮನೆಯಲ್ಲಿದ್ದರೆ ಎಲುಬು ಮುರಿಯುವ ತನಕ ಕಾಯಬೇಡಿ. ಮೂರು ತಿಂಗಳಿಗಿಂತ ಹೆಚ್ಚು ಸ್ಟಿರಾಯ್ಡ್ ತಗೊಂಡಿದ್ದರೆ ಅದನ್ನೂ ಹೇಳಿ. ಮೊಣಕಾಲು ನೋವಿಗೆಂದು ಹೆಸರಿಲ್ಲದ ಪುಡಿ ತಿನ್ನುತ್ತಿದ್ದರೆ ಆ ಪೊಟ್ಟಣವನ್ನೇ ಒಯ್ದು ತೋರಿಸಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವವರಿದ್ದಾರೆ. ಥೈರಾಯ್ಡ್, ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿಯ ಕ್ರಿಯಾಟಿನಿನ್, ಇಷ್ಟು ರಕ್ತ ಪರೀಕ್ಷೆ ಹೆಚ್ಚಾಗಿ ಬರೆಯುತ್ತಾರೆ.

ಈಗ ಔಷಧ. ಹೆಚ್ಚಿನವರಿಗೆ ಮೊದಲು ಕೊಡುವುದು ವಾರಕ್ಕೊಂದು ಗುಳಿಗೆ, ಅಲೆಂಡ್ರೊನೇಟ್ 70 ಮಿಲಿಗ್ರಾಂ ಅಥವಾ ರಿಸೆಡ್ರೊನೇಟ್ 35. ಎಲುಬನ್ನು ಕರಗಿಸುವ ಜೀವಕೋಶಗಳ ಕೈ ಕಟ್ಟುವುದು ಇದರ ಕೆಲಸ. ಗುಳಿಗೆ ಒಳ್ಳೆಯದು, ನುಂಗುವ ರೀತಿ ತಪ್ಪಿದರೆ ವ್ಯರ್ಥ. ಮೂರನೇ ವಾರಕ್ಕೆ ಅವ್ವ ಎದೆ ಉರಿ ಎಂದಳು. ಮರುವಾರ ಬೆಳಿಗ್ಗೆ ನಾನು ಪಕ್ಕದಲ್ಲೇ ಕೂತು ನೋಡಿದೆ. ಒಂದು ಕೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ಚಹಾದ ಕಪ್ಪು. ಬಸಿಗೆ ಬಗ್ಗಿಸಿ, ಊದಿ, ಗುಳಿಗೆ ನುಂಗಿ, ಮತ್ತೆ ಕೌದಿ ಎಳೆದುಕೊಂಡು ಮಲಗಿದಳು.

"ಅವ್ವ, ಬರೀ ನೀರಾಗ ನುಂಗ್ಬೇಕಂತ ಹೇಳಿದ್ನಲ್ಲ?"

"ಮುಂಜಾನಿ ಚಾ ಇಲ್ದ ಬಾಯಿ ಹ್ಯಾಂಗ ತೆರೀಲಿ ಬೇ?"

ಚಹಾ, ಹಾಲು, ಹಣ್ಣಿನ ರಸ ಯಾವುದೇ ಹೊಟ್ಟೆಯಲ್ಲಿದ್ದರೂ ಈ ಗುಳಿಗೆ ಮೈಗೆ ಹತ್ತುವುದಿಲ್ಲ. ಮಲಗಿದರೆ ಅದು ಅನ್ನನಾಳದಲ್ಲಿ ನಿಂತು ಸುಡುತ್ತದೆ. ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ತುಂಬಿದ ದೊಡ್ಡ ಲೋಟ ಬರೀ ನೀರಿನಲ್ಲಿ, ಜಗಿಯದೆ ನುಂಗಬೇಕು. ಆಮೇಲೆ ಅರ್ಧ ತಾಸು ನೆಟ್ಟಗೆ ಕೂಡಬೇಕು ಅಥವಾ ಅಡ್ಡಾಡಬೇಕು, ನಂತರವೇ ಚಹಾ. ಹೀಗೆ ಮಾಡಿಯೂ ನುಂಗಲು ನೋವಾದರೆ ಗುಳಿಗೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಅವ್ವನಿಗೆ ಉರಿ ಹೋಗಲಿಲ್ಲ, ಅದಕ್ಕೆ ಜೊಲೆಡ್ರೊನಿಕ್ ಆಸಿಡ್‌ಗೆ ಬದಲಿಸಿದರು. ವರ್ಷಕ್ಕೊಮ್ಮೆ 5 ಮಿಲಿಗ್ರಾಂ, ಸಲೈನ್‌ನಂತೆ ನರಕ್ಕೆ ಹಚ್ಚುತ್ತಾರೆ. ಮೊದಲ ಸಲ ಎರಡು ದಿನ ಜ್ವರ, ಮೈಕೈ ನೋವು ಬಂತು, ಪ್ಯಾರಾಸಿಟಮಾಲ್‌ನಲ್ಲಿ ಇಳಿಯಿತು. ಇದಕ್ಕೆ ಮುಂಚೆ ಕಿಡ್ನಿ ಸರಿ ಇದೆಯೇ ಎಂದು ನೋಡಲೇಬೇಕು. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಿ. ದವಡೆ ಎಲುಬು ಹಾಳಾಗುವುದು ಅಪರೂಪ, ಆದರೂ ಈ ಎಚ್ಚರ ಬೇಕು. ತೊಡೆಯಲ್ಲಿ ಹೊಸದಾಗಿ ನೋವು ಶುರುವಾದರೂ ಹೇಳಿ. ಗುಳಿಗೆಯಾದರೆ ಸುಮಾರು ಐದು ವರ್ಷಕ್ಕೆ, ಸಲೈನ್ ಆದರೆ ಮೂರು ವರ್ಷಕ್ಕೆ, ಮುಂದುವರಿಸಬೇಕೋ ಬಿಡುವು ಕೊಡಬೇಕೋ ಎಂದು ಡಾಕ್ಟರು ಮತ್ತೆ ಲೆಕ್ಕ ಹಾಕುತ್ತಾರೆ.

ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್. ಇದರ ತಾರೀಖು ತಪ್ಪಿಸಲೇಬಾರದು. ಬದಲಿ ಔಷಧ ಇಲ್ಲದೆ ನಿಲ್ಲಿಸಿದರೆ ಎಲುಬು ವೇಗವಾಗಿ ಸವೆದು ಬೆನ್ನಿನ ಮಣಿಗಳು ಒಂದರ ಹಿಂದೊಂದು ಕುಸಿಯಬಹುದು. ರೊಕ್ಕ ಇಲ್ಲವೆಂದೋ, ಆರಾಮ ಆಗಿದೆಯೆಂದೋ ಬಿಟ್ಟವರನ್ನು ಅಂಗಡಿಯಲ್ಲಿ ಕಂಡಿದ್ದೇನೆ. ಶುರು ಮಾಡುವ ಮುಂಚೆಯೇ ಮುಂದಿನ ಖರ್ಚನ್ನು ಯೋಚಿಸಿ. ಟೆರಿಪ್ಯಾರಟೈಡ್ ಹೊಸ ಎಲುಬು ಕಟ್ಟುವ ಔಷಧ. ತೀರಾ ಸವೆದವರಿಗೆ, ಮಣಿ ಕುಸಿದವರಿಗೆ ಕೊಡುತ್ತಾರೆ. ದಿನಾ ಒಂದು ಚುಚ್ಚು, ಹೆಚ್ಚೆಂದರೆ ಎರಡು ವರ್ಷ, ಅದು ಮುಗಿದ ಮೇಲೆ ಬೇರೆ ಔಷಧ ಬೇಕೇ ಬೇಕು. ಫ್ರಿಜ್‌ನಲ್ಲಿಡಬೇಕು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಬಸ್ಸಿನಲ್ಲಿ ಸೇಡಂಗೆ ಒಯ್ಯುವುದಾದರೆ ಐಸ್ ಡಬ್ಬಿ ಕೇಳಿ ಪಡೆಯಿರಿ.

ಯಾವ ಔಷಧ ತಗೊಂಡರೂ ಕ್ಯಾಲ್ಸಿಯಂ, ವಿಟಮಿನ್ ಡಿ ಇಲ್ಲದೆ ನಡೆಯದು. ವಯಸ್ಸಾದ ಹೆಂಗಸರಿಗೆ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಾವು ಜೋಳದ ರೊಟ್ಟಿ ತಿಂದವರು ಗಟ್ಟಿ ಎನ್ನುತ್ತೇವೆ, ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಆಸುಪಾಸು ಅಷ್ಟೇ. ರಾಗಿಯಲ್ಲಿ 350ರ ಹತ್ತಿರ. ರೊಟ್ಟಿ ಬಿಡಬೇಕಿಲ್ಲ, ಅದರ ಪಕ್ಕಕ್ಕೆ ಏನಿಡುತ್ತೀರಿ ಎಂಬುದನ್ನು ಬದಲಿಸಿ. ಗಟ್ಟಿ ಮೊಸರು, ಗುರೆಳ್ಳು ಹಿಂಡಿ, ನುಗ್ಗೆ ಸೊಪ್ಪಿನ ಪಲ್ಯ, ಮೆಂತ್ಯ ಪಲ್ಯ ಇರಲಿ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. ಎಳ್ಳಮಾಸಿಗೆ ಎಳ್ಳು ಹಚ್ಚಿ ಬಡಿಯುವ ಸಜ್ಜಿ ರೊಟ್ಟಿಯನ್ನು ಅವ್ವ ಈಗ ವಾರಕ್ಕೆರಡು ಸಲ ಮಾಡುತ್ತಾಳೆ. ಎಳ್ಳಿನ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಹಾಗಾಗಿ ಮೊಸರು ಬಿಡುವಂತಿಲ್ಲ.

ಊಟದಲ್ಲಿ ಸಾಲದೇ ಉಳಿದದ್ದಕ್ಕೆ ಮಾತ್ರ ಗುಳಿಗೆ. ಒಂದು ಸಲಕ್ಕೆ 500 ಮಿಲಿಗ್ರಾಂ ದಾಟಬೇಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಗುಳಿಗೆಯಾದರೆ ಊಟದ ಜೊತೆ. ಥೈರಾಯ್ಡ್ ಗುಳಿಗೆಗೂ ಇದಕ್ಕೂ ನಾಲ್ಕು ತಾಸು ಅಂತರ ಇರಲಿ. ವಿಟಮಿನ್ ಡಿಯ 60,000 ಯೂನಿಟ್ ಪುಡಿ ವಾರಕ್ಕೊಂದು, ಅದೂ ಬರೆದಷ್ಟೇ ವಾರ. ಅದನ್ನು ದಿನಾ ಹಾಲಿಗೆ ಹಾಕಿ ಕುಡಿಯುತ್ತಿದ್ದ ಅಜ್ಜಿಯೊಬ್ಬರು ನಮ್ಮ ಅಂಗಡಿಗೆ ಮತ್ತೆ ಪುಡಿ ಕೇಳಿ ಬಂದಾಗ ನನಗೆ ಎದೆ ಧಸಕ್ಕೆಂದಿತು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಕುತ್ತು. ನಸುಕಿನ ಎಳೆಬಿಸಿಲಲ್ಲಿ ವಿಟಮಿನ್ ಡಿ ಅಷ್ಟಾಗಿ ಹುಟ್ಟುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆದಾಗಿನ ಬಿಸಿಲು ಬೇಕು. ಬೇಸಿಗೆಯಲ್ಲಿ ಒಂಬತ್ತೂವರೆಗೇ ಅದು ಸಿಗುತ್ತದೆ, ಕೈಕಾಲಿಗೆ ಸ್ವಲ್ಪ ಹೊತ್ತು ತಾಗಿದರೆ ಸಾಕು, ಕಾದ ಮಧ್ಯಾಹ್ನ ಹೊರಗೆ ನಿಲ್ಲಬೇಡಿ.

ಮನೆಯಲ್ಲಿ ನಾನು ಮೊದಲು ಮುಟ್ಟಿದ್ದು ಬಚ್ಚಲನ್ನು. ಫರ್ಸಿ ಮೇಲೆ ರಬ್ಬರ್ ಚಾಪೆ, ಗೋಡೆಗೆ ಕಬ್ಬಿಣದ ಹಿಡಿ, ರಾತ್ರಿ ಉರಿಯುವ ಸಣ್ಣ ದೀಪ. ಮೋಟು ಕಸಬರಿಗೆ ಹೋಯಿತು, ಉದ್ದ ಕೋಲಿನದು ಬಂತು. ನೆಲದ ಒಲೆ ಕಟ್ಟೆಗೆ ಏರಿತು. ಮಣಿ ಕುಸಿದವರು ಮುಂದಕ್ಕೆ ಬಗ್ಗಿ ಭಾರ ಎತ್ತುವಂತಿಲ್ಲ, ಯೋಗದಲ್ಲೂ ಮುಂದೆ ಬಾಗುವ ಆಸನ ಬೇಡ. ಆಕೆ ದಿನಾ ನಡೆಯುತ್ತಾಳೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುತ್ತಾಳೆ, ಕಟ್ಟೆ ಹಿಡಿದು ಹಿಮ್ಮಡಿ ಎತ್ತುತ್ತಾಳೆ.

ಅಡುಗೆಮನೆ ಬಾಗಿಲ ಚೌಕಟ್ಟಿಗೆ ಬೆನ್ನು ತಾಗಿಸಿ ನಿಲ್ಲಿಸಿ ಪೆನ್ಸಿಲಿನಿಂದ ಆಕೆಯ ಎತ್ತರದ ಗೆರೆ ಎಳೆದಿದ್ದೇನೆ, ಪಕ್ಕದಲ್ಲಿ ತಾರೀಖು. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ, ನೋವು ಇಲ್ಲದಿದ್ದರೂ, ಬೆನ್ನಿನ ಎಕ್ಸ್‌ರೇ ತೆಗೆಸಬೇಕು. ಎರಡು ವರ್ಷದಿಂದ ಅವ್ವನ ಗೆರೆ ಇದ್ದಲ್ಲೇ ಇದೆ. ಮುಂದಿನ ಅಳತೆ ಎಳ್ಳಮಾಸಿಗೆ.