ಹಡಗು ಹತ್ತುವ ಮೊದಲೇ ಮುಗಿಯುವ ಕೆಲಸ

ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ಟ್ರಾವೆಲ್ಸ್. ಎರಡು ಮೇಜು, ಒಂದು ಪ್ರಿಂಟರ್, ನಾನು ಮತ್ತು ನಮ್ಮ ಯಜಮಾನರು. ಹದಿನೈದು ವರ್ಷ ನಾವು ಮಾಡಿದ್ದು ಬಸ್ ಟೂರ್. ಕಾಶಿ, ಗಯಾ, ಹರಿದ್ವಾರ. ಜೊತೆಗೆ ಇಬ್ಬರು ಅಡುಗೆಯವರು, ಗ್ಯಾಸ್ ಸಿಲಿಂಡರ್, ಎರಡು ಮೂಟೆ ಸೋನಾ ಮಸೂರಿ. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರನ್ನೂ ಎಬ್ಬಿಸಬೇಕು. ಬಿಸಿನೀರು ಸಾಲದು ಅಂತ ಜಗಳ. ಕಿಟಕಿ ಸೀಟಿಗೆ ಜಗಳ. ಮುಂದೆ ಕೂತವರು ದಿನಾ ಮುಂದೇನೇ ಯಾಕೆ ಕೂರಬೇಕು ಅಂತ ಇನ್ನೊಂದು ಜಗಳ. ಹನ್ನೆರಡನೇ ದಿನದ ಹೊತ್ತಿಗೆ ಒಟ್ಟಿಗೇ ಹೊರಟ ನೆಂಟರು ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ.

ಈಗ ನಾವು ಗುಂಪು ಕಟ್ಟಿಕೊಂಡು ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಕರೆದೊಯ್ಯುತ್ತೇವೆ. ಹಾಗಾಗಿ ಈ ಕ್ರೂಸ್ ಹುಚ್ಚು ನಿಮಗೆ ಹೇಗೆ ಹಿಡಿಯಿತು ಅಂತ ಯಾರಾದರೂ ಕೇಳಿದರೆ ನಾನು ಸಮುದ್ರದ ಮಾತು ಎತ್ತುವುದಿಲ್ಲ. ಊಟದ ಮೇಜಿನ ಮಾತು ಎತ್ತುತ್ತೇನೆ.

ಹಡಗು ನನಗೆ ಹೊಸದೇನಲ್ಲ. ತವರು ಸುರತ್ಕಲ್ ಹತ್ತಿರ. ಪಣಂಬೂರಿನ ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಅದರಿಂದ ಇಳಿದವರು ಬೆಳಿಗ್ಗೆ ಬಸ್ಸಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೇರುಬೀಜದ ಫ್ಯಾಕ್ಟರಿ ಎಲ್ಲ ನೋಡಿಕೊಂಡು ಸಂಜೆಗೆ ವಾಪಸ್ ಹಡಗು ಹತ್ತುತ್ತಾರೆ. ನಮ್ಮ ಊರಿಗೆ ಬಂದು ಹೋಗುವ ಹಡಗನ್ನು ಹೊರಗಿನಿಂದಲೇ ನೋಡುತ್ತಾ ಇದ್ದೆ. ಹತ್ತಿದ್ದು ಮುಂಬೈನಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಕ್ರೂಸ್ ಕಂಪನಿಯವರು ಎಂಪ್ರೆಸ್ ಹಡಗು ಶುರು ಮಾಡಿದ್ದರಲ್ಲ, ಅದರ ಮರುವರ್ಷ ನಾವಿಬ್ಬರೇ ಗೋವಾಗೆ ಹೋಗಿ ಬಂದೆವು. 1990ರ ಹಡಗು ಅದು, ಮೊದಲು ರಾಯಲ್ ಕೆರಿಬಿಯನ್ ಅನ್ನುವ ವಿದೇಶಿ ಕಂಪನಿಯವರ ಬಳಿ ಇತ್ತು. ಇವತ್ತಿನ ಲೆಕ್ಕಕ್ಕೆ ಸಣ್ಣದು. ನಮಗೆ ಆಗ ಊರಷ್ಟು ದೊಡ್ಡದು.

ಆ ಹಡಗಿನಲ್ಲಿ ಒಂದು ಗುಜರಾತಿ ಕುಟುಂಬ ಇತ್ತು. ಮೂವತ್ತು ಜನ ಇರಬಹುದು. ಹಗಲೆಲ್ಲ ಅವರು ಕಣ್ಣಿಗೇ ಬೀಳುತ್ತಿರಲಿಲ್ಲ. ಮಕ್ಕಳು ಈಜುಕೊಳದಲ್ಲಿ, ಅಜ್ಜಂದಿರು ಇಸ್ಪೀಟಿನಲ್ಲಿ, ಸೊಸೆಯಂದಿರು ನಿದ್ದೆಯಲ್ಲಿ. ರಾತ್ರಿ ಊಟಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಬಂದು ಕೂರುತ್ತಿದ್ದರು. ಬಂದರೆ ಮಾತೋ ಮಾತು! ಹಗಲಿಡೀ ಬೇರೆ ಬೇರೆ ಇದ್ದದ್ದಕ್ಕೇ ಹೇಳಲು ಅಷ್ಟೊಂದು ಇತ್ತು. ನಾನು ಇವರ ಕೈ ತಿವಿದು, "ರೀ, ನಮ್ಮ ಬಸ್ಸಿನಲ್ಲಿ ತಪ್ಪುತ್ತಾ ಇದ್ದದ್ದು ಇದೇ" ಅಂದೆ.

ಮರುವರ್ಷ ನಮ್ಮದೇ ಗುಂಪು ಕಟ್ಟಿದೆವು. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಬರುವ ಹಡಗು. ಮೊದಲ ಸಲದವರಿಗೆ ಆ ದಾರಿಯನ್ನೇ ನಾನು ಹೇಳುವುದು. ಮಲಕ್ಕಾ ಜಲಸಂಧಿಯಲ್ಲಿ ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಸುಮಾತ್ರಾ. ಎರಡೂ ಕಡೆ ನೆಲ ಇರುವುದರಿಂದ ಅಲೆ ಕಡಿಮೆ. ಹೊಟ್ಟೆ ತೊಳಸುವುದೂ ಕಡಿಮೆ. ಲಕ್ಷದ್ವೀಪ ಕೇಳಿ ಬರುವವರೂ ಇದ್ದಾರೆ. ಅಲ್ಲಿ ದೊಡ್ಡ ಹಡಗು ದಡದವರೆಗೆ ಹೋಗುವುದಿಲ್ಲ, ಸಣ್ಣ ದೋಣಿಯಲ್ಲಿ ಇಳಿಸಬೇಕು. ಅಲೆ ಜಾಸ್ತಿಯಾದರೆ ಇಳಿಸುವುದೇ ಇಲ್ಲ. ಇದನ್ನು ದುಡ್ಡು ತೆಗೆದುಕೊಳ್ಳುವ ದಿನವೇ ಹೇಳಬೇಕು, ಹಡಗಿನ ಮೇಲೆ ನಿಂತಾಗ ಅಲ್ಲ.

ಗುಂಪು ಅಂದರೆ ಎಷ್ಟು ಜನ? ಸಾಮಾನ್ಯವಾಗಿ ಎಂಟು ಕ್ಯಾಬಿನ್, ಹದಿನಾರು ಜನ. ಅಷ್ಟಾದರೆ ಕಂಪನಿಯವರು ಗುಂಪು ಅಂತ ಒಪ್ಪುತ್ತಾರೆ, ಹದಿನಾರಕ್ಕೆ ಒಬ್ಬರಿಗೆ ಪ್ರಯಾಣದ ದರ ಬಿಡುವ ಪದ್ಧತಿಯೂ ಬಹಳ ಕಂಪನಿಗಳಲ್ಲಿದೆ. ಕೇಳಲು ಚೆನ್ನಾಗಿದೆ. ಆದರೆ ಬಿಡುವುದು ದರ ಮಾತ್ರ. ಬಂದರಿನ ಶುಲ್ಕ, ಸಿಬ್ಬಂದಿಗೆ ಕೊಡುವ ಟಿಪ್ಸ್ ನಮ್ಮ ಕೈಯಿಂದಲೇ. ಒಂದೇ ಕ್ಯಾಬಿನ್‌ನಲ್ಲಿ ಮೂರನೆಯವರು, ನಾಲ್ಕನೆಯವರು ಮಲಗಿದರೆ ಅವರು ಈ ಹದಿನಾರರ ಲೆಕ್ಕಕ್ಕೆ ಬರುವುದಿಲ್ಲ. ನಮಗೆ ಇದು ಗೊತ್ತಿರಲಿಲ್ಲ. ಹದಿನೆಂಟು ಜನ ಇದ್ದಾರೆ ಅಂತ ಹಿಗ್ಗಿಕೊಂಡು ಕೂತಿದ್ದೆವು. ಮಕ್ಕಳನ್ನೆಲ್ಲ ಅಪ್ಪ ಅಮ್ಮನ ಕ್ಯಾಬಿನ್‌ಗೇ ಹಾಕಿದ್ದರಿಂದ ಲೆಕ್ಕಕ್ಕೆ ಸಿಕ್ಕಿದ್ದು ಹದಿನಾಲ್ಕೇ. ಆ ಸಲ ಇವರ ಟಿಕೆಟ್ ದುಡ್ಡು ನಮ್ಮ ಲಾಭದಿಂದಲೇ ಹೋಯಿತು. ಉಳಿದದ್ದು ಎಷ್ಟು ಅಂತ ಕೇಳಬೇಡಿ.

ಈಗ ಕ್ಯಾಬಿನ್ ಹಂಚುವ ಕೆಲಸ. ಇದು ಪೂರ್ತಿ ನನ್ನದು, ಇವರನ್ನು ಹತ್ತಿರ ಸೇರಿಸುವುದಿಲ್ಲ. ದೊಡ್ಡ ಹಾಳೆಯ ಮೇಲೆ ಹಡಗಿನ ನಕ್ಷೆ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂರುತ್ತೇನೆ. ತಲೆ ಸುತ್ತುವವರು, ವಯಸ್ಸಾದವರು ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ. ಏತದ ಮರ ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ, ತುದಿ ಆಡಿದಷ್ಟು ನಡುಭಾಗ ಆಡುವುದಿಲ್ಲ. ಮಂಡಿನೋವು ಇರುವವರಿಗೆ ಲಿಫ್ಟ್ ಹತ್ತಿರ, ಆದರೆ ಲಿಫ್ಟ್ ಎದುರಿಗೇ ಬೇಡ. ಮೂರು ನಾಲ್ಕು ಜನರ ಕ್ಯಾಬಿನ್‌ನಲ್ಲಿ ಒಂದೆರಡು ಹಾಸಿಗೆ ಚಾವಣಿಯಿಂದ ಇಳಿಯುತ್ತದೆ, ಏಣಿ ಹತ್ತಬೇಕು. ಅಲ್ಲಿಗೆ ಮಕ್ಕಳೇ ಸರಿ. ಮತ್ತೆ, ನಾವು ಕೊಡುವ ಕ್ಯಾಬಿನ್‌ಗೆ ಮೇಲೂ ಕ್ಯಾಬಿನ್ ಇರಬೇಕು, ಕೆಳಗೂ ಕ್ಯಾಬಿನ್ ಇರಬೇಕು.

ಈ ಕೊನೆಯದನ್ನು ನಾವು ಒಬ್ಬ ನಿವೃತ್ತ ಮೇಷ್ಟ್ರ ನಿದ್ದೆ ಕೆಡಿಸಿ ಕಲಿತೆವು. ಒಳ್ಳೆ ಬಾಲ್ಕನಿ ಇದೆ, ಎತ್ತರದಲ್ಲಿದೆ ಅಂತ ಅವರಿಗೆ ಮೇಲಿನ ಅಂತಸ್ತು ಕೊಟ್ಟಿದ್ದೆ. ಅದರ ನೆತ್ತಿಯ ಮೇಲೇ ಬಫೆ ಹಾಲ್! ಬೆಳಗಿನ ಐದಕ್ಕೆ ಕುರ್ಚಿ ಎಳೆಯುವ ಶಬ್ದ ಶುರು. ಮೇಷ್ಟ್ರು ಬೈಯಲಿಲ್ಲ. "ಬಾಲ್ಕನಿಯಲ್ಲಿ ಕೂತು ಸೂರ್ಯೋದಯ ನೋಡಿದೆ ಕಣಮ್ಮ, ಮೂರು ದಿನವೂ, ತಪ್ಪದೆ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಖರ್ಚಿನ ವಿಷಯದಲ್ಲಿ ನಮ್ಮ ಅಭ್ಯಾಸ ಬೇರೆಯವರಿಗಿಂತ ಸ್ವಲ್ಪ ಬೇರೆ. ಹಡಗಿನ ದರ ಮಾತ್ರ ಹೇಳಿ ಗಿರಾಕಿ ಹಿಡಿಯುವುದು ಸುಲಭ. ಆಮೇಲೆ ಬಂದರು ಶುಲ್ಕ, ಟಿಪ್ಸ್, ವೀಸಾ, ವಿಮಾನ, ಹೋಟೆಲ್, ಟಿಸಿಎಸ್ (ವಿದೇಶ ಪ್ರವಾಸದ ದುಡ್ಡಿನ ಮೇಲೆ ನಾವು ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಒಂದೊಂದಾಗಿ ಸೇರಿಸುತ್ತಾ ಹೋದರೆ ಮುಖ ಸಿಂಡರಿಸದವರು ಯಾರು? ನಾವು ಮೊದಲೇ ಎಲ್ಲ ಕೂಡಿ ಒಂದೇ ಅಂಕಿ ಹೇಳುತ್ತೇವೆ. ನಾಲ್ಕು ಜನ ಅಲ್ಲೇ ಎದ್ದು ಹೋಗುತ್ತಾರೆ, ಹೋಗಲಿ. ಟಿಸಿಎಸ್ ಆಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನೂ ಬಿಡಿಸಿ ಹೇಳುತ್ತೇವೆ. ಹಡಗು ಹೊರಡುವ ಹಿಂದಿನ ದಿನವೇ ಸಿಂಗಪುರ ಮುಟ್ಟಿರಬೇಕು. ಒಂದು ರಾತ್ರಿಯ ಹೋಟೆಲ್ ಉಳಿಸಲು ಹೋಗಿ ಬೆಂಗಳೂರಿನ ವಿಮಾನ ತಡವಾದರೆ ಹಡಗು ಯಾರಿಗೂ ಕಾಯುವುದಿಲ್ಲ.

ಹೊರಡುವ ಹದಿನೈದು ದಿನ ಮೊದಲು ನಮ್ಮ ಮನೆ ಮಹಡಿಯ ಮೇಲೆ ಎಲ್ಲರನ್ನೂ ಕರೆದು ಕಾಫಿ ಕೊಡುತ್ತೇವೆ. ಅಲ್ಲಿ ಬರುವ ಪ್ರಶ್ನೆಗಳು ಯಾವ ಪುಸ್ತಕದಲ್ಲೂ ಇಲ್ಲ. ಬಾತ್‌ರೂಮಿನಲ್ಲಿ ಚೊಂಬು ಇರುತ್ತಾ? ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಇಟ್ಟುಕೊಳ್ಳಿ. ಇಸ್ತ್ರಿ ಪೆಟ್ಟಿಗೆ? ಬೇಡ, ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುತ್ತದೆ, ಕಡೇ ದಿನ ವಾಪಸ್ ಕೊಡುತ್ತಾರೆ. ದೇವರ ದೀಪ, ಊದುಬತ್ತಿ? ಹಡಗಿನಲ್ಲಿ ಬೆಂಕಿ ಅಂದರೆ ಎಲ್ಲಕ್ಕಿಂತ ದೊಡ್ಡ ಭಯ, ಹಚ್ಚಲು ಬಿಡುವುದಿಲ್ಲ. ಒಬ್ಬ ಅಜ್ಜಿ ಇದಕ್ಕೆ ಒಪ್ಪಲೇ ಇಲ್ಲ. ಕೊನೆಗೆ ಬ್ಯಾಟರಿ ದೀಪ ತಂದುಕೊಟ್ಟೆವು. ದೇವರಿಗೆ ಅದೇ ಸಾಕಾಯಿತು, ಅಜ್ಜಿಗೆ ಸಾಕಾಗಲಿಲ್ಲ.

ಪೆಟ್ಟಿಗೆಗಳನ್ನು ಬಂದರಿನಲ್ಲಿ ಕೊಟ್ಟುಬಿಡುತ್ತೇವೆ, ಕ್ಯಾಬಿನ್‌ಗೆ ಬರುವುದು ಕೆಲವು ಗಂಟೆ ಕಳೆದ ಮೇಲೆ. ಹಾಗಾಗಿ ಬಿ.ಪಿ., ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ. ಮೊಬೈಲ್ ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುಸಮುದ್ರದಲ್ಲಿ ಫೋನ್ ಹಡಗಿನ ಉಪಗ್ರಹದ ನೆಟ್‌ವರ್ಕ್ ಹಿಡಿದುಬಿಟ್ಟರೆ ಬಿಲ್ಲು ನೋಡಿ ತಲೆಸುತ್ತು ಬರುತ್ತದೆ, ಅಲೆಯೇ ಬೇಕಿಲ್ಲ. ಊಟದ ಚಿಂತೆ ಈಗ ಅಷ್ಟಿಲ್ಲ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯರು ತುಂಬ, ಸಸ್ಯಾಹಾರ ಸಿಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೇಡದವರ ಪಟ್ಟಿಯನ್ನು ಮಾತ್ರ ವಾರಗಳ ಮೊದಲೇ ಕಳಿಸಬೇಕು. ಮೊಸರನ್ನ ಅಂತ ಹೆಸರು ಬರೆದ ಪಾತ್ರೆ ಇರುವುದಿಲ್ಲ. ಅನ್ನ ಇರುತ್ತದೆ, ಮೊಸರು ಇರುತ್ತದೆ, ಕಲಸಿಕೊಳ್ಳುವುದು ನಮ್ಮ ಕೆಲಸ.

ಹಡಗು ಹೊರಡುವ ಮುಂಚೆ ಸುರಕ್ಷತೆಯ ಡ್ರಿಲ್ ಇರುತ್ತದೆ. ತಪ್ಪಿಸಿಕೊಳ್ಳಲು ನೋಡುವವರನ್ನು ನಾನೇ ಎಳೆದುಕೊಂಡು ಹೋಗುತ್ತೇನೆ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ ವಾಲಿತಲ್ಲ, ಆಗಷ್ಟೇ ಹಡಗು ಹತ್ತಿದವರಿಗೆ ಡ್ರಿಲ್ ಆಗಿರಲಿಲ್ಲ. 32 ಜನ ಸತ್ತರು. ಅದಾದ ಮೇಲೆ ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಡ್ರಿಲ್ ಮಾಡಬೇಕು ಅಂತ ನಿಯಮ ಬಂತು.

ಇಷ್ಟೆಲ್ಲ ದಡದ ಮೇಲೆ ಮುಗಿಸಿದರೆ ಹಡಗಿನ ಮೇಲೆ ನಮಗೆ ಕೆಲಸ ಇಲ್ಲ. ಇದನ್ನು ಇವರಿಗೆ ಅರ್ಥ ಮಾಡಿಸಲು ನನಗೆ ಒಂದು ಟ್ರಿಪ್ ಬೇಕಾಯಿತು. ಮೊದಲ ಗುಂಪಿಗೆ ಇವರು ಟೈಮ್‌ಟೇಬಲ್ ಮಾಡಿಕೊಂಡು ಬಂದಿದ್ದರು. ಏಳಕ್ಕೆ ಯೋಗ, ಒಂಬತ್ತಕ್ಕೆ ಅಂತ್ಯಾಕ್ಷರಿ, ನಾಲ್ಕಕ್ಕೆ ತಂಬೋಲ. ಬಸ್ಸಿನ ಅಭ್ಯಾಸ, ಅಲ್ವಾ. ಎರಡನೇ ದಿನ ಅಂತ್ಯಾಕ್ಷರಿಗೆ ಬಂದವರು ಮೂರು ಜನ. ಇವರು ಮುಖ ಊದಿಸಿಕೊಂಡು ಕೂತರು. "ಅವರು ದುಡ್ಡು ಕೊಟ್ಟಿರೋದು ಸುಮ್ನೆ ಇರೋಕೆ ರೀ, ಇರಲಿ ಬಿಡಿ" ಅಂದೆ. ಆ ರಾತ್ರಿ ಊಟದ ಮೇಜಿನಲ್ಲಿ ಹದಿನೆಂಟು ಜನರೂ ಇದ್ದರು. ಮಾತಾಡಲಾಗದಷ್ಟು ನಕ್ಕೆವು, ಬಡಿಸುವ ಹುಡುಗನೂ ಕೊನೆಗೆ ನಮ್ಮ ಪಕ್ಕವೇ ನಿಂತುಬಿಟ್ಟ. ಈಗ ಟೈಮ್‌ಟೇಬಲ್‌ನಲ್ಲಿ ಒಂದೇ ಸಾಲು: ರಾತ್ರಿ ಊಟ, ಎಲ್ಲರೂ. ಪಕ್ಕಪಕ್ಕದ ಮೇಜು ಬೇಕು ಅಂತ ತಿಂಗಳುಗಳ ಮೊದಲೇ ಬರೆದು ತಗೊಳ್ಳುತ್ತೇವೆ. ಕ್ಯಾಬಿನ್ ದರದಲ್ಲಿ ನಾಲ್ಕು ಕಾಸು ಹೆಚ್ಚು ಕಡಿಮೆ ಆದರೂ ನಾನು ಜಗ್ಗಾಡುವುದಿಲ್ಲ, ಈ ಮೇಜಿಗೆ ಮಾತ್ರ ಹಟ ಹಿಡಿಯುತ್ತೇನೆ.

ಹಡಗಿನ ಮೇಲೆ ಕೆಲಸ ಇಲ್ಲ ಅಂದೆ. ದಡಕ್ಕೆ ಇಳಿದಾಗ ಇದೆ. ಫುಕೆಟ್‌ನಲ್ಲಿ ಕಲಿತ ಪಾಠ ಅದು. ಥಾಯ್ಲೆಂಡ್ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಮಾತ್ರ ಸಿಂಗಪುರದ ಸಮಯದಲ್ಲೇ ನಡೆಯುತ್ತಿತ್ತು. ನೆಟ್‌ವರ್ಕ್ ಸಿಕ್ಕಿದ ಕೂಡಲೇ ನಮ್ಮವರ ಮೊಬೈಲ್ ತಾನಾಗಿ ಥಾಯ್ ಸಮಯಕ್ಕೆ ಬದಲಾಯಿಸಿಕೊಂಡಿತು. ಕೊನೆಯ ದೋಣಿ ಐದಕ್ಕೆ ಅಂತ ಹೇಳಿದ್ದೆವು. ಯಾರ ಐದು ಅಂತ ಹೇಳಿರಲಿಲ್ಲ. ತಪ್ಪು ನಮ್ಮದೇ. ಹಡಗಿನ ಲೆಕ್ಕದ ನಾಲ್ಕೂವರೆಗೆ ತಲೆ ಎಣಿಸಿದರೆ ಗುಂಪಿನಲ್ಲಿದ್ದ ಭಾವ, ಭಾವಮೈದುನ ಇಬ್ಬರು ಇಲ್ಲ. ಫೋನ್ ಎತ್ತುತ್ತಿಲ್ಲ. ಇವರು ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ ಪಟಾಂಗ್ ಬೀದಿಯಲ್ಲಿ ಓಡಿದೆವು. ಐದಕ್ಕೆ ಹತ್ತು ನಿಮಿಷ ಇದ್ದಾಗ ಇಬ್ಬರೂ ಎಳನೀರು ಕುಡಿಯುತ್ತಾ ನಿಧಾನಕ್ಕೆ ಬರುತ್ತಿದ್ದಾರೆ. "ಇನ್ನೂ ಒಂದು ಗಂಟೆ ಹತ್ತು ನಿಮಿಷ ಇದೆಯಲ್ಲಮ್ಮ, ಯಾಕೆ ಓಡ್ತಿದ್ದೀರಿ?" ಅಂದರು. ಎಳನೀರು ಕೈಯಿಂದ ಕಿತ್ತು ಅವರನ್ನು ದೋಣಿಗೆ ತಳ್ಳಿದ್ದು ನಾನೇ. ಈಗ ಮಹಡಿ ಮೇಲಿನ ಕಾಫಿಯ ದಿನ ಎಲ್ಲರಿಗೂ ಹೇಳುವುದು ಒಂದೇ: ಮನೆಯಲ್ಲಿರುವ ಹಳೇ ಕೈಗಡಿಯಾರಕ್ಕೆ ಸೆಲ್ ಹಾಕಿಸಿಕೊಂಡು ಬನ್ನಿ, ಹಡಗಿನ ಸಮಯಕ್ಕೆ ನಾನೇ ತಿರುಗಿಸಿ ಕೊಡುತ್ತೇನೆ.

ಮುಂದಿನ ಗುಂಪಿಗೆ ಹನ್ನೊಂದು ಕ್ಯಾಬಿನ್ ಹಿಡಿದಿದ್ದೇವೆ. ಹತ್ತು ಭರ್ತಿ. ಹನ್ನೊಂದನೆಯದರಲ್ಲಿ ಒಬ್ಬರೇ ಹೆಂಗಸು, ಅರವತ್ತೆರಡು ವಯಸ್ಸು, ಬ್ಯಾಂಕಿನಿಂದ ರಿಟೈರ್ ಆದವರು. ಒಬ್ಬರೇ ಮಲಗಿದರೆ ಹೆಚ್ಚೂಕಡಿಮೆ ಇಬ್ಬರ ದುಡ್ಡು ಕಟ್ಟಬೇಕು, ಅದಕ್ಕೆ ಜೊತೆ ಹುಡುಕುತ್ತಿದ್ದೇನೆ. ನಿನ್ನೆ ಇನ್ನೊಬ್ಬರು ಬಂದು ಫಾರಂ ತುಂಬಿ ಹೋದರು. ಅದರಲ್ಲಿ ನಾನೇ ಸೇರಿಸಿದ ಒಂದು ಪ್ರಶ್ನೆ ಇದೆ, ಗೊರಕೆ ಇದೆಯೇ ಅಂತ. ಇಲ್ಲ ಅಂತ ಬರೆದಿದ್ದಾರೆ. ಯಾವುದಕ್ಕೂ ಅವರ ಮಗಳಿಗೆ ಒಂದು ಫೋನ್ ಮಾಡಬೇಕು.