ನಡೆಯುವ ಡ್ರ್ಯಾಗ್‌ಲೈನ್: ಕೂರಿಸುವುದು, ಅಗೆಯುವುದು, ಎಬ್ಬಿಸಿ ನಡೆಸುವುದು

ಡ್ರ್ಯಾಗ್‌ಲೈನ್ ಅಂದರೆ ಹಗ್ಗಕ್ಕೆ ಕಟ್ಟಿದ ಬಕೆಟ್ಟನ್ನು ಎಳೆದು ಕಲ್ಲುಮಣ್ಣು ಅಗೆಯುವ ಭಾರೀ ಗಣಿಯಂತ್ರ. ಮಧ್ಯಪ್ರದೇಶ, ಉತ್ತರಪ್ರದೇಶಗಳ ಗಡಿಯ ಸಿಂಗ್ರೌಲಿ ಕಲ್ಲಿದ್ದಲು ಪ್ರದೇಶದ ಜಯಂತ್, ದುಧಿಚುವಾ, ಖಡಿಯಾ, ಅಮ್ಲೋರಿ ಗಣಿಗಳಲ್ಲಿ ಡ್ರ್ಯಾಗ್‌ಲೈನನ್ನು ಎರಡು ಅಂಕಿಗಳಿಂದ ಗುರುತಿಸುತ್ತಾರೆ. 24/96 ಅಂದರೆ 24 ಘನ ಮೀಟರ್ ಬಕೆಟ್, 96 ಮೀಟರ್ ಬೂಮ್, ಅಂದರೆ ಮುಂದಕ್ಕೆ ಚಾಚಿದ ತೋಳು. ರಾಂಚಿಯ ಎಚ್‌ಇಸಿ ಕಾರ್ಖಾನೆ ಇಂಗ್ಲೆಂಡಿನ ರ್ಯಾನ್ಸಮ್ಸ್ ಆ್ಯಂಡ್ ರೇಪಿಯರ್ ಕಂಪನಿಯ ತಂತ್ರಜ್ಞಾನದಲ್ಲಿ ಮಾಡಿದ ಡಬ್ಲ್ಯೂ-2000 ಈ ಜಾತಿಯದು. 20/90 ಅಂದರೆ ರಷ್ಯಾದ ಉರಲ್‌ಮಾಷ್ ಯಂತ್ರ, ತೂಕ ಸುಮಾರು 1,700 ಟನ್. ಇಷ್ಟು ಭಾರಕ್ಕೆ ಚಕ್ರವೂ ಇಲ್ಲ, ಚೈನೂ ಇಲ್ಲ. ಟಬ್ ಎನ್ನುವ ದುಂಡನೆಯ ತಳದ ಮೇಲೆ ಕೂತು ಅಗೆಯುತ್ತದೆ, ಎರಡು ಬದಿಯ ಶೂಗಳನ್ನು ಊರಿ ಹೆಜ್ಜೆ ಹಾಕುತ್ತದೆ. ಶಿಕಾಗೊದ ಮೊನಿಗನ್ ಕಂಪನಿಯಲ್ಲಿ ಆಸ್ಕರ್ ಮಾರ್ಟಿನ್ಸನ್ 1913ರಲ್ಲಿ ಕಂಡುಹಿಡಿದ ನಡಿಗೆ ಇದು. ಮೂಲ ಉಪಾಯ ಇಂದಿಗೂ ಅದೇ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೂ ಮೈಸೂರು, ಕೆಜಿಎಫ್‌ಗಳ ಬಿಇಎಂಎಲ್ ಡಂಪರ್, ಡೋಜರ್‌ಗಳ ಬೆನ್ನಿಗೆ ಸರ್ವೀಸ್ ಕೆಲಸಕ್ಕೆಂದು ಹೋದವರು ಈ ಯಂತ್ರದ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ. ಅಂಥವರಿಗೂ, ಹೊಸದಾಗಿ ಡ್ರ್ಯಾಗ್‌ಲೈನ್ ಸೆಕ್ಷನ್ನಿಗೆ ಬರುವವರಿಗೂ ಮೊದಲು ತಿಳಿಯಬೇಕಾದದ್ದು ಒಂದೇ: ಈ ಯಂತ್ರದ ಉತ್ಪಾದನೆ, ಆಯಸ್ಸು ಎರಡೂ ಟಬ್ಬಿನ ಕೆಳಗಿನ ನೆಲದಲ್ಲಿ ತೀರ್ಮಾನವಾಗುತ್ತವೆ. ಬಕೆಟ್, ಮೋಟಾರ್, ಆಪರೇಟರನ ಕೈಚಳಕ ಎಲ್ಲ ಆಮೇಲೆ.

ಬೆಂಚ್ ಸಿದ್ಧ ಮಾಡುವುದು

ಈ ಗಣಿಗಳಲ್ಲಿ ಅಗೆಯುವ ಕಲ್ಲಿದ್ದಲ ಪದರಗಳಲ್ಲಿ (ಸೀಮ್) ಕೆಳಗಿನದು ತುರ್ರಾ ಸೀಮ್. ಅದರ ಮೇಲೆ ಪುರೆವಾ ಸೀಮ್‌ಗಳು. ಮೇಲಿನ ಮಣ್ಣು, ಕಲ್ಲನ್ನು ಶೊವೆಲ್, ಡಂಪರ್‌ಗಳು ತೆಗೆಯುತ್ತವೆ. ತುರ್ರಾದ ನೆತ್ತಿಯ ಮೇಲಿರುವ ದಪ್ಪ ಮರಳುಗಲ್ಲಿನ ಪದರ ಡ್ರ್ಯಾಗ್‌ಲೈನಿನ ಪಾಲಿಗೆ ಬರುತ್ತದೆ. ಅದನ್ನು ಸಿಡಿಸಿ ಸಡಿಲಿಸಿ, ಆ ರಾಶಿಯ ನೆತ್ತಿ ಸಮ ಮಾಡಿ, ಆ ಮಟ್ಟದ ಮೇಲೆಯೇ, ಅಂದರೆ ಬೆಂಚಿನ ಮೇಲೆ, ಯಂತ್ರ ಕೂರುತ್ತದೆ.

ಕೂರುವ ಜಾಗದ ಓರೆ ಶೇ 1ರ ಒಳಗಿರಲಿ. ಶೇ 2 ಆದರೂ ಏನಾಗುತ್ತದೆ ಲೆಕ್ಕ ಹಾಕಿ ನೋಡಿ. ಬಕೆಟ್ ನೇತಾಡುವ ತ್ರಿಜ್ಯ 88 ಮೀಟರ್ ಎಂದಿಟ್ಟುಕೊಂಡರೆ, ಬೂಮ್ ತುದಿ ಒಂದು ಬದಿಗೆ 1.76 ಮೀಟರ್ ತಗ್ಗುತ್ತದೆ, ಎದುರು ಬದಿಗೆ ಅಷ್ಟೇ ಏರುತ್ತದೆ. ತುಂಬಿದ ಬಕೆಟ್ಟನ್ನು ಪ್ರತಿ ಸಲ ಏರಿಗೆ ತಿರುಗಿಸಬೇಕು, ಖಾಲಿ ಬಕೆಟ್ಟನ್ನು ಇಳಿಜಾರಿನಲ್ಲಿ ಬ್ರೇಕ್ ಹಿಡಿದು ತರಬೇಕು. ಯಂತ್ರವನ್ನು ತಿರುಗಿಸುವ ಸ್ವಿಂಗ್ ಮೋಟಾರ್ ಬಿಸಿಯೇರುತ್ತದೆ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಬೀಳುವುದಿಲ್ಲ: ಮೇಲುಭಾಗ ತಿರುಗಲು ಟಬ್ಬಿನ ಮೇಲಿರುವ ರೋಲರ್ ಸರ್ಕಲ್ಲಿನಲ್ಲಿ ಭಾರವೆಲ್ಲ ತಗ್ಗಿನ ಬದಿಯ ಕೆಲವೇ ರೋಲರ್‌ಗಳ ಮೇಲೆ ಕೂರುತ್ತದೆ. ಅಲ್ಲಿಂದ ರೋಲರ್ ಓಡುವ ಹಳಿ ಚಕ್ಕೆ ಏಳುತ್ತದೆ, ರೋಲರ್ ಬಿರಿಯುತ್ತದೆ. ಈ ರಿಪೇರಿಗೆ ಇಡೀ ಮೇಲುಭಾಗವನ್ನು ಜಾಕ್ ಕೊಟ್ಟು ಎತ್ತಬೇಕು, ಉತ್ಪಾದನೆ ವಾರಗಟ್ಟಲೆ ನಿಂತುಹೋಗುತ್ತದೆ. ಡೋಜರಿಗೆ ಇನ್ನರ್ಧ ಗಂಟೆ ಕೊಟ್ಟಿದ್ದರೆ ತಪ್ಪುತ್ತಿದ್ದ ನಷ್ಟ.

ಟಬ್ಬಿನಡಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೊ, ನಡೆಯುವಾಗ ಶೂಗಳಡಿ ಹೆಚ್ಚುಕಡಿಮೆ ಅದರ ಎರಡರಷ್ಟು. ಹಾಗಾಗಿ ಯಂತ್ರ ಕೂತಾಗ ತಡೆದುಕೊಂಡ ನೆಲ ನಡೆಯುವಾಗಲೂ ತಡೆಯುತ್ತದೆ ಎಂದು ನಂಬಬೇಡಿ. ಜೇಡಿ, ಕಲ್ಲಿದ್ದಲ ಪುಡಿ, ಹಳೆಯ ಕೆಸರು ಕಂಡರೆ ಕೆರೆದು ತೆಗೆಸಿ, ಒಡೆದ ಮರಳುಗಲ್ಲನ್ನು ಒಂದು ಮೀಟರ್ ದಪ್ಪ ಹರಡಿಸಿ, ಡೋಜರನ್ನು ಅದರ ಮೇಲೆ ಅಡ್ಡ, ಉದ್ದ ಎರಡೂ ಕಡೆ ಓಡಿಸಿ. ತಲೆಯೆತ್ತಿ ನಿಂತ ಬಂಡೆ ಒಂದೂ ಉಳಿಯಬಾರದು. ಟಬ್ಬಿನ ತಳದ ತಗಡಿಗೆ ಹರಡಿದ ಭಾರ ಲೆಕ್ಕಕ್ಕಿಲ್ಲ, ಒಂದೇ ಬಿಂದುವಿನಲ್ಲಿ ಚುಚ್ಚಿದರೆ ಒಳಗಿನ ಬೆಸುಗೆ ಬಿಡುತ್ತದೆ. ಈ ಕೆಲಸಕ್ಕೆ ಕೆಜಿಎಫ್‌ನಲ್ಲಿ ತಯಾರಾಗುವ ಬಿಡಿ-355 ತರದ 410 ಅಶ್ವಶಕ್ತಿಯ ಡೋಜರ್ ಪೂರ್ತಿ ಶಿಫ್ಟ್ ಡ್ರ್ಯಾಗ್‌ಲೈನಿನ ಹತ್ತಿರವೇ ಇರಬೇಕು. ಅದನ್ನು ಬೇರೆ ಕೆಲಸಕ್ಕೆ ಕಳಿಸಿದ ದಿನವೇ ಬೆಂಚ್ ಹಾಳಾಗಲು ಶುರು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಎಕ್ಸ್‌ಟೆಂಡೆಡ್ ಬೆಂಚ್ ವಿಧಾನದಲ್ಲಿ. ಮಣ್ಣನ್ನು ದೂರಕ್ಕೆ ಎಸೆಯಲು ಬೂಮ್ ಸಾಲದಿದ್ದಾಗ, ಯಂತ್ರ ತಾನೇ ಅಗೆದ ಕಲ್ಲಿನಿಂದ ಗುಂಡಿಯ ಕಡೆಗೆ ಸೇತುವೆಯಂತೆ ಬೆಂಚನ್ನು ಮುಂದಕ್ಕೆ ಚಾಚಿ, ಅದರ ಮೇಲೆ ಹೋಗಿ ಕೂರುತ್ತದೆ. ಅಂದರೆ ಅರ್ಧ ತಳ ಇದ್ದಲ್ಲೇ ಉಳಿದ ಗಟ್ಟಿ ಕಲ್ಲಿನ ಮೇಲೆ, ಅರ್ಧ ಹೊಸದಾಗಿ ಸುರಿದ ರಾಶಿಯ ಮೇಲೆ. ಹೊಸ ರಾಶಿ ಕುಗ್ಗುತ್ತದೆ, ಇದ್ದಲ್ಲೇ ಉಳಿದ ಕಲ್ಲು ಅಷ್ಟು ಕುಗ್ಗುವುದಿಲ್ಲ. ಬೆಳಗ್ಗೆ ಸಮವಾಗಿದ್ದ ಯಂತ್ರ ಸಂಜೆಗೆ ಗುಂಡಿಯ ಕಡೆ ವಾಲಿರುತ್ತದೆ. ಆದ್ದರಿಂದ ಈ ಭಾಗವನ್ನು ಒಂದೇ ಸಲ ಎತ್ತರಕ್ಕೆ ಸುರಿಯಬೇಡಿ. ಪದರ ಪದರವಾಗಿ ಸುರಿದು ಡೋಜರಿನಿಂದ ತುಳಿಸಿ. ಅಂಚಿನಿಂದ ಟಬ್ ಎಷ್ಟು ದೂರ ಇರಬೇಕೆಂದು ಸರ್ವೆಯವರು ಗುರುತಿಸಿದ ಗೂಟ ಎಲ್ಲರಿಗೂ ಕಾಣುವಂತಿರಲಿ. ಅಂಚಿಗೆ ಸಮಾನಾಂತರವಾಗಿ ಸಣ್ಣ ಬಿರುಕು ಕಂಡರೂ ಅಗೆತ ನಿಲ್ಲಿಸಿ ಯಂತ್ರವನ್ನು ಒಳಕ್ಕೆ ನಡೆಸಿ, ಕಾರಣ ಆಮೇಲೆ ಹುಡುಕಿ.

ಅಗೆಯುವುದು

ಮೊದಲು ಹೈವಾಲ್, ಅಂದರೆ ಇನ್ನೂ ಅಗೆಯದ ಕಡೆಯ ಕಡಿದಾದ ಗೋಡೆಯ, ಪಕ್ಕದಲ್ಲಿ ಕೀ ಕಟ್ ಎನ್ನುವ ಕಿರಿದಾದ ಅಗೆತ. ಯಂತ್ರ ಆ ಗೆರೆಗೆ ನೇರವಾಗಿ ಕೂತು ಅಗೆದರೆ ಮಾತ್ರ ಗೋಡೆ ಕಡಿದಾಗಿ, ನಯವಾಗಿ ನಿಲ್ಲುತ್ತದೆ. ಪಕ್ಕದಿಂದ ಕೆರೆದ ಗೋಡೆಯಲ್ಲಿ ತೂಗಾಡುವ ಬಂಡೆಗಳು ಉಳಿಯುತ್ತವೆ, ಅವು ಬೀಳುವುದು ಕೆಳಗೆ ಕಲ್ಲಿದ್ದಲು ತುಂಬುವವರ ಮೇಲೆ. ಕೀ ಕಟ್ ಮುಗಿದ ಮೇಲೆ ಗುಂಡಿಯ ಕಡೆ ಸರಿದು ಮೇನ್ ಕಟ್.

ಬಕೆಟ್ಟನ್ನು ಅಗೆಯುವ ಮುಖದ ಬುಡದಲ್ಲಿ ಇಳಿಸಿ, ಹಲ್ಲು ಕಚ್ಚಿದ ಮೇಲೆ ಎಳೆಯಿರಿ. ಚೆನ್ನಾಗಿ ಸಿಡಿದ ಕಲ್ಲಿನಲ್ಲಿ ಬಕೆಟ್ಟಿನ ಎರಡು ಮೂರು ಉದ್ದದೊಳಗೆ ಅದು ತುಂಬಬೇಕು. ಘನ ಮೀಟರಿಗೆ 1.7 ಟನ್ ಹಿಡಿದರೆ 24 ಘನ ಮೀಟರಿಗೆ ಸುಮಾರು 41 ಟನ್ ಬಂತು. ಅಷ್ಟರಲ್ಲಿ ತುಂಬಲಿಲ್ಲವಾದರೆ ಇನ್ನೂ ಎಳೆಯುತ್ತಾ ಹೋಗುವುದರಿಂದ ಬಕೆಟ್ಟಿನ ತಳ ಸವೆಯುತ್ತದೆ ಅಷ್ಟೆ. ತಪ್ಪು ಬ್ಲಾಸ್ಟಿಂಗಿನಲ್ಲಿರಬಹುದು ಅಥವಾ ಹಲ್ಲು ಮೊಂಡಾಗಿರಬಹುದು.

ಬೂಮ್ ಆಯಸ್ಸು ತಿನ್ನುವ ಎರಡು ಕೆಟ್ಟ ಅಭ್ಯಾಸಗಳಿವೆ. ಮೊದಲನೆಯದು ಬಕೆಟ್ ನೆಲ ಬಿಡುವ ಮೊದಲೇ ಸ್ವಿಂಗ್ ಕೊಡುವುದು. ಒಂದೆರಡು ಸೆಕೆಂಡ್ ಉಳಿಯುತ್ತದೆ, ಆದರೆ 96 ಮೀಟರ್ ಉದ್ದದ ಬೂಮ್ ಅಡ್ಡಕ್ಕೆ ತಿರುಚಿಕೊಳ್ಳುತ್ತದೆ. ಎರಡನೆಯದು ಬಕೆಟ್ ಎತ್ತುವ ಹಾಯ್ಸ್ಟ್ ರೋಪ್, ಅದನ್ನು ಎಳೆಯುವ ಡ್ರ್ಯಾಗ್ ರೋಪ್ ಎರಡನ್ನೂ ಒಂದಕ್ಕೊಂದು ಎದುರಾಗಿ ಬಿಗಿಯುವುದು, ಗಣಿಯವರ ಬಾಯಲ್ಲಿ ಟೈಟ್‌ಲೈನ್. ಬೂಮ್ ತುದಿಯಿಂದ ಫೇರ್‌ಲೀಡ್‌ವರೆಗೆ (ಡ್ರ್ಯಾಗ್ ರೋಪ್ ಯಂತ್ರದೊಳಕ್ಕೆ ಹೋಗುವ ಪುಲ್ಲಿಗಳವರೆಗೆ) ಹಗ್ಗಗಳು ನೆಟ್ಟಗಾಗುತ್ತಾ ಬಂದಂತೆ ಬೂಮ್ ಉದ್ದಕ್ಕೂ ಅದುಮುವ ಬಲ ಬಕೆಟ್ ತೂಕದ ಎಷ್ಟೋ ಪಟ್ಟು ಏರುತ್ತದೆ. ಬಕೆಟ್ಟನ್ನು ಯಂತ್ರದ ಹತ್ತಿರ ಎಳೆದುಕೊಂಡು ಮೇಲಕ್ಕೆತ್ತುವಾಗ ಡ್ರ್ಯಾಗ್ ಸಡಿಲಿಸಲು ತಡವಾದರೆ ಆಗುವುದು ಇದೇ.

ಡ್ರ್ಯಾಗ್ ಬಿಗಿಯಾಗಿರುವಷ್ಟು ಹೊತ್ತು ಡಂಪ್ ರೋಪ್ ಬಕೆಟ್ಟಿನ ಬಾಯಿಯನ್ನು ಮೇಲೆ ಹಿಡಿದಿರುತ್ತದೆ, ಡ್ರ್ಯಾಗ್ ಬಿಟ್ಟಾಗ ಬಾಯಿ ಕೆಳಗಾಗಿ ಮಣ್ಣು ಸುರಿಯುತ್ತದೆ. ಹಾಗಾಗಿ ಸ್ವಿಂಗ್ ಮಧ್ಯೆ ಡ್ರ್ಯಾಗ್ ಸಡಿಲವಾದರೆ ದಾರಿಯುದ್ದಕ್ಕೂ ಸೋರುತ್ತದೆ.

ಒಂದು ಸುತ್ತಿಗೆ 60 ಸೆಕೆಂಡ್ ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ತಿರುಗುವುದಕ್ಕೇ ಹೋಗುತ್ತದೆ. ಯಂತ್ರವನ್ನು ತಪ್ಪು ಜಾಗದಲ್ಲಿ ಕೂರಿಸಿ ಸ್ವಿಂಗ್ ಕೋನ ದೊಡ್ಡದಾಗಿ ಸುತ್ತು 65 ಸೆಕೆಂಡ್ ಆಯಿತೆನ್ನಿ. 20 ಗಂಟೆಯಲ್ಲಿ 1,200 ಬಕೆಟ್ ಆಗಬೇಕಿದ್ದದ್ದು 1,108ಕ್ಕೆ ಇಳಿಯುತ್ತದೆ. 92 ಬಕೆಟ್, ಅಂದರೆ 2,200 ಘನ ಮೀಟರ್ ಹೋಯಿತು. ಒಂದು ಸಲ ಎದ್ದು ನಾಲ್ಕು ಹೆಜ್ಜೆ ನಡೆಯಲು ತಗಲುವುದು ಕೆಲವೇ ನಿಮಿಷ. ನಡೆಸುವುದಕ್ಕೆ ಬೇಸರಪಡುವ ಆಪರೇಟರ್ ಎಷ್ಟೇ ಚುರುಕಾಗಿದ್ದರೂ ದಿನದ ಲೆಕ್ಕದಲ್ಲಿ ಹಿಂದೆ ಬೀಳುತ್ತಾನೆ.

ನಡೆಸುವುದು

ಯಂತ್ರ ಬೂಮ್‌ಗೆ ಬೆನ್ನು ಮಾಡಿದ ದಿಕ್ಕಿಗೆ, ಅಂದರೆ ಹಿಂದಕ್ಕೆ, ನಡೆಯುತ್ತದೆ. ಯಾವ ಕಡೆ ಹೋಗಬೇಕೋ ಅದರ ನೇರ ಎದುರು ದಿಕ್ಕಿಗೆ ಬೂಮ್ ತಿರುಗಿಸಿ ನಿಲ್ಲಿಸಿ. ಟಬ್ ನೆಲದ ಮೇಲಿದ್ದು ಶೂಗಳು ಮೇಲಿರುವಾಗ ಮಾತ್ರ ತಿರುಗಿಸಬೇಕು. ಶೂ ನೆಲಕ್ಕೆ ತಾಗಿರುವಾಗ ಸ್ವಿಂಗ್ ತಪ್ಪಿಯೂ ಮುಟ್ಟಬೇಡಿ. ಆಗ ಸ್ವಿಂಗ್ ತಡೆಯುವ ಇಂಟರ್‌ಲಾಕ್ ಇದೆಯೆಂಬ ಧೈರ್ಯ ಬೇಡ, ಶಿಫ್ಟಿನ ಮೊದಲಿಗೇ ಅದು ಕೆಲಸ ಮಾಡುತ್ತಿದೆಯೇ ಪರೀಕ್ಷಿಸಿ.

ಬಕೆಟ್ ಖಾಲಿ ಇರಲಿ, ಕೈಪಿಡಿ ಹೇಳಿದ ಜಾಗದಲ್ಲಿ ತೂಗಾಡದಂತೆ ಇರಲಿ. ಶೂ ಎತ್ತಿ ಇಳಿಸುವ ಕ್ಯಾಮ್, ಶೂ ಬೇರಿಂಗುಗಳಿಗೆ ಗ್ರೀಸ್ ಹೋಗುತ್ತಿದೆಯೇ ಕಣ್ಣಾರೆ ನೋಡಿ. ದಿನಗಟ್ಟಲೆ ನಿಂತು ಅಗೆದ ಯಂತ್ರದಲ್ಲಿ ಆ ಪೈಪು ಕಟ್ಟಿಕೊಂಡಿರುವುದು ಸಾಮಾನ್ಯ.

ಕೇಬಲ್ ಮೇಲೆ ಒಬ್ಬರ ಕಣ್ಣು ಸದಾ ಇರಬೇಕು. ಯಂತ್ರಕ್ಕೆ ವಿದ್ಯುತ್ ತರುವ ಟ್ರೇಲಿಂಗ್ ಕೇಬಲ್ಲಿನಲ್ಲಿ 6.6 ಕಿಲೊವೋಲ್ಟ್ ಇರುತ್ತದೆ. ಅದು ಬಂದು ಸೇರುವುದು ತಿರುಗದ ಟಬ್ಬಿಗೆ. ಅಲ್ಲಿಂದ ನಡುವಿನ ಸ್ಲಿಪ್ ರಿಂಗ್ ಮೂಲಕ ಮೇಲಕ್ಕೆ ಹೋಗುತ್ತದೆ. ಶೂ ಇಳಿಯುವ ಪಟ್ಟಿಯಿಂದ ಕೇಬಲ್ ದೂರ ಇರಬೇಕು, ಟಬ್ ಸರಿದಷ್ಟೂ ಅದಕ್ಕೆ ಸಡಿಲ ಉದ್ದ ಸಿಗುತ್ತಿರಬೇಕು. ಕೇಬಲ್ ಮುಟ್ಟುವವರಿಗೆ ಆ ವೋಲ್ಟೇಜಿಗೆ ಪರೀಕ್ಷೆಯಾದ ರಬ್ಬರ್ ಕೈಗವಸು, ಇನ್ಸುಲೇಟೆಡ್ ಕೊಕ್ಕೆ ಎರಡೂ ಬೇಕು. ಅರ್ತ್ ಫಾಲ್ಟ್ ರಿಲೇ ಟ್ರಿಪ್ ಆದರೆ ಕಾರಣ ನೋಡದೆ ಮತ್ತೆ ಚಾರ್ಜ್ ಮಾಡಿಸುವುದು ಜೀವದ ಜತೆ ಆಡುವ ಆಟ.

ಹೆಜ್ಜೆ ಹೀಗೆ ಬೀಳುತ್ತದೆ: ಶೂಗಳು ಇಳಿದು ನೆಲ ಕಚ್ಚುತ್ತವೆ, ಯಂತ್ರದ ಹಿಂಭಾಗ ಏಳುತ್ತದೆ, ಭಾರದ ದೊಡ್ಡ ಪಾಲು ಶೂಗಳಿಗೆ ಬರುತ್ತದೆ, ಬೂಮ್ ಕಡೆಯ ಟಬ್ ಅಂಚು ಮಾತ್ರ ನೆಲಕ್ಕೆ ಉಜ್ಜುತ್ತಾ ಸುಮಾರು 2 ಮೀಟರ್ ಸರಿಯುತ್ತದೆ, ಮತ್ತೆ ಟಬ್ ಕೂರುತ್ತದೆ. ಮುಕ್ಕಾಲು ನಿಮಿಷಕ್ಕೊಂದು ಹೆಜ್ಜೆಯಾದರೆ ಗಂಟೆಗೆ 160 ಮೀಟರ್. ಉಜ್ಜುವ ಆ ಅಂಚನ್ನೇ ನೋಡುತ್ತಿರಿ. ಒಣ ಕಲ್ಲಿನ ಮೇಲೆ ಅದು ಆಳವಿಲ್ಲದ ಗೀರು ಬಿಡುತ್ತದೆ. ಗೀರು ಆಳವಾಗಿ, ಟಬ್ ಮಣ್ಣನ್ನು ರಾಶಿ ಎಳೆದುಕೊಂಡು ಬರುತ್ತಿದ್ದರೆ ನೆಲ ಮೆತ್ತಗಿದೆ ಎಂದರ್ಥ. ಒಂದು ಶೂ ಇನ್ನೊಂದಕ್ಕಿಂತ ಹೆಚ್ಚು ಹೂತರೆ ಯಂತ್ರ ಓರೆಯಾಗಿ ಏಳುತ್ತದೆ, ಕ್ಯಾಮ್ ಇರುವ ಯಂತ್ರದಲ್ಲಿ ಕ್ಯಾಮ್ ಶಾಫ್ಟ್ ತಿರುಚಿಕೊಳ್ಳುತ್ತದೆ. ಆಗ ಟಬ್ ಕೂರುವವರೆಗೆ ಆ ಹೆಜ್ಜೆ ಮುಗಿಸಿ ನಿಲ್ಲಿಸಿ, ಹೂತ ಬದಿಗೆ ಕಲ್ಲು ತುಂಬಿಸಿ. ಹೆಜ್ಜೆಯ ನಡುವೆ ಯಂತ್ರವನ್ನು ಎತ್ತಿ ನಿಲ್ಲಿಸಿಕೊಂಡು ಯೋಚಿಸುವುದು ಬೇಡ.

ದೂರದ ನಡಿಗೆಯಲ್ಲಿ, ಅದರಲ್ಲೂ ಸಿಂಗ್ರೌಲಿಯ ಮೇ ತಿಂಗಳ ಬಿಸಿಲಲ್ಲಿ, ಆಗಾಗ ನಿಲ್ಲಿಸಿ ಬೇರಿಂಗ್ ಶಾಖ ನೋಡಿ. ಈ ಮೆಕ್ಯಾನಿಸಂ ದಿನವಿಡೀ ಓಡಲೆಂದು ಮಾಡಿದ್ದಲ್ಲ.

ತಪಾಸಣೆ

ಮೊದಲು ಸೋಲುವುದು ಡಂಪ್ ರೋಪ್. ಬಕೆಟ್ ಕಮಾನಿನ ಮೇಲಿನ ಸಣ್ಣ ಪುಲ್ಲಿಯ ಮೇಲೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುವ ಹಗ್ಗ ಅದು. ಎಳೆ ಮುರಿದು ಬಿರುಸಾಗಿ ನಿಂತದ್ದು ಕಂಡೊಡನೆ ಬದಲಿಸಿ, ತುಂಡಾಗುವವರೆಗೆ ಕಾಯಬೇಡಿ. ಡ್ರ್ಯಾಗ್ ರೋಪ್ ಬಕೆಟ್ ಕಡೆಯ ತುದಿಯಲ್ಲಿ, ಸಾಕೆಟ್ ಹತ್ತಿರ ಸವೆಯುತ್ತದೆ. ಹಾಳಾದ ತುದಿ ಕತ್ತರಿಸಿ ಹೊಸದಾಗಿ ಕಟ್ಟಿದರೆ ಉಳಿದ ಹಗ್ಗ ಇನ್ನಷ್ಟು ದಿನ ಬರುತ್ತದೆ. ಹಲ್ಲುಗಳನ್ನು ಶಿಫ್ಟಿಗೊಮ್ಮೆ ಎಣಿಸಿ. ಉದುರಿದ ಹಲ್ಲು ಕಲ್ಲಿದ್ದಲ ನೆತ್ತಿಯಲ್ಲಿ ಉಳಿದರೆ ಶೊವೆಲ್ ಅದನ್ನು ಡಂಪರಿಗೆ ಹಾಕುತ್ತದೆ, ಡಂಪರ್ ಕ್ರಷರಿಗೆ ಹಾಕುತ್ತದೆ.

ಬೂಮ್ ಬಿರುಕನ್ನು ಹುಡುಕುವವರು ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆಗೆ ಕಣ್ಣಿಡಬೇಕು. ಬಣ್ಣ ಹಾಗೇ ಇರುತ್ತದೆ, ಒಳಗಿಂದ ಕಂದು ನೀರು ಒಸರಿದ ಗುರುತು ಮಾತ್ರ ಇಳಿದಿರುತ್ತದೆ. ಕೊಳವೆ ಚೌಕಟ್ಟಿನ ಕೆಲವು ಬೂಮ್‌ಗಳಲ್ಲಿ ಒಳಗೆ ಒತ್ತಡದ ಗಾಳಿ ತುಂಬಿರುತ್ತಾರೆ. ಮಾಪಕದ ಮುಳ್ಳು ಇಳಿದರೆ ಎಲ್ಲೋ ಬಿರಿದಿದೆ ಎಂದೇ ತಿಳಿದು ಹುಡುಕಿ. ಮತ್ತೆ ಗಾಳಿ ತುಂಬಿಸಿ ಮುಂದುವರಿಸುವುದಕ್ಕಲ್ಲ ಆ ಮಾಪಕ ಇರುವುದು.

ಮಳೆಗಾಲ ಮತ್ತು ಡಂಪ್

ಸುರಿದ ಕಲ್ಲುಮಣ್ಣಿನ ರಾಶಿ, ಅಂದರೆ ಡಂಪ್, ಸಹಜವಾಗಿ ಸುಮಾರು 37 ಡಿಗ್ರಿಯಲ್ಲಿ ನಿಲ್ಲುತ್ತದೆ. ಅದು ಒಣಗಿರುವಾಗಿನ ಮಾತು. ಬುಡದಲ್ಲಿ ನೀರು ನಿಂತರೆ ಆ ಲೆಕ್ಕ ನಡೆಯುವುದಿಲ್ಲ. ಸಿಂಗ್ರೌಲಿಯಲ್ಲಿ ಡಂಪಿನ ಬುಡಕ್ಕೆ ಆಸರೆಯಾಗಿ ಕಲ್ಲಿದ್ದಲ ಒಂದು ಪಟ್ಟಿಯನ್ನು ತೆಗೆಯದೆ ಬಿಡುವ ರೂಢಿ ಇರುವುದು ಇದೇ ಕಾರಣಕ್ಕೆ. ಟಾರ್ಗೆಟ್ ಕಡಿಮೆಯಾಯಿತೆಂದು ಆ ಪಟ್ಟಿಗೆ ಕೈ ಹಾಕಬಾರದು. ಜೂನ್ ಮುಗಿಯುವ ಮೊದಲು ಬುಡದ ಕಾಲುವೆ, ಸಂಪ್, ಪಂಪುಗಳನ್ನು ಸಿದ್ಧ ಮಾಡಿ. ಜೋರು ಮಳೆಯಲ್ಲಿ ಯಂತ್ರವನ್ನು ಎಕ್ಸ್‌ಟೆಂಡೆಡ್ ಬೆಂಚಿನ ಮೇಲೆ ಬಿಡದೆ ಗಟ್ಟಿ ನೆಲಕ್ಕೆ ನಡೆಸಿ. ಮಳೆ ನಿಂತ ಮೇಲೆ ಡೋಜರ್ ಮೊದಲು ಹೋಗಿ ಕೆಸರು ಕೆರೆಯಲಿ, ಮಟ್ಟ ಅಳೆಯಿರಿ, ಡಂಪಿನ ನೆತ್ತಿಯಲ್ಲಿ ಬಿರುಕಿದೆಯೇ ಹಗಲು ಬೆಳಕಿನಲ್ಲಿ ನೋಡಿ. ಆಮೇಲೆ ಡ್ರ್ಯಾಗ್‌ಲೈನನ್ನು ವಾಪಸ್ ತನ್ನಿ.