ಮಳೆಗಾಲದ ಮಬ್ಬಿನಲ್ಲಿ ಮೊಬೈಲ್ ಓದುವಾಗ ಕಣ್ಣು ದಣಿಯದಿರಲು

ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆ ಹಿಡಿದರೆ ಕೊಡಗಿನ ಮನೆಗಳೊಳಗೆ ಮಧ್ಯಾಹ್ನವೇ ಮಬ್ಬು. ಕರೆಂಟ್ ಇರುವುದಿಲ್ಲ, ಹೊರಗೆ ಹೋಗುವಂತಿಲ್ಲ, ಓದುವುದೆಲ್ಲ ಮೊಬೈಲಿನಲ್ಲೇ. ಸಂಜೆ ಹೊತ್ತಿಗೆ ಕಣ್ಣುರಿ, ಹಣೆ ಭಾರ. ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ಅಕ್ಷರದ ಗಾತ್ರ.

ಕನ್ನಡ ಲಿಪಿಗೆ ಇಂಗ್ಲಿಷಿಗಿಂತ ದೊಡ್ಡ ಗಾತ್ರ ಬೇಕು. ‘ದ’ ‘ಧ’ ಆಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ‘ರಾಷ್ಟ್ರ’ ಎಂಬ ಪದದಲ್ಲಿ ‘ಷ’ಕ್ಕೆ ಎರಡು ಒತ್ತುಗಳು ಅಂಟಿಕೊಂಡಿವೆ. ಮೊಬೈಲನ್ನು ಮೊಣಕೈಯಿಂದ ಮುಷ್ಟಿಯವರೆಗಿನಷ್ಟು, ಅಂದರೆ ಸುಮಾರು 40 ಸೆಂ.ಮೀ. ದೂರ ಹಿಡಿದು ಈ ಪದ ಓದಿ. ಎರಡೂ ಒತ್ತು ಬೇರೆಬೇರೆಯಾಗಿ ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ ಫಾಂಟ್ ಸೈಜ್ ಹೆಚ್ಚಿಸಿ. ಹಾಗೆ ಮಾಡದೆ ಮೊಬೈಲನ್ನೇ ಹತ್ತಿರ ತಂದರೆ, ಹತ್ತಿರದ್ದನ್ನು ಸ್ಪಷ್ಟವಾಗಿ ಕಾಣಿಸುವ ಕಣ್ಣಿನೊಳಗಿನ ಸ್ನಾಯು ಬಿಡುವಿಲ್ಲದೆ ಬಿಗಿದುಕೊಂಡಿರುತ್ತದೆ. ಹಣೆನೋವಿಗೆ ಅದೂ ಕಾರಣ. ಪತ್ರಿಕೆಯ ಪುಟದ ಚಿತ್ರವಾದರೆ ಫಾಂಟ್ ಬದಲಾಗುವುದಿಲ್ಲ. ಮೊಬೈಲನ್ನು ಅಡ್ಡ ಹಿಡಿದು ಒಂದು ಕಾಲಂ ಪರದೆಯ ಅಗಲ ತುಂಬುವಷ್ಟು ಹಿಗ್ಗಿಸಿ.

ಬೆಳಕಿಗೆ ಒಂದು ಸುಲಭ ಪರೀಕ್ಷೆಯಿದೆ. ಪರದೆಯಲ್ಲಿ ಬಿಳಿ ಪುಟ ತೆರೆದು ಪಕ್ಕದಲ್ಲಿ ನೋಟ್‌ಬುಕ್ಕಿನ ಹಾಳೆ ಇಡಿ. ಪರದೆ ದೀಪದಂತೆ ಹೊಳೆದರೆ ಬ್ರೈಟ್‌ನೆಸ್ ಇಳಿಸಿ, ಬೂದಿಬಣ್ಣ ಕಂಡರೆ ಏರಿಸಿ. ಕತ್ತಲಲ್ಲಿ ಪರದೆಯೊಂದೇ ಬೆಳಗುವುದು ಬೇಡ. ಕರೆಂಟ್ ಹೋದಾಗ ಚಾರ್ಜರ್ ಲೈಟನ್ನು ಬೆನ್ನ ಹಿಂದೆ, ಗೋಡೆಗೆ ಮುಖ ಮಾಡಿ ಇಡಿ. ಕಿಟಕಿ ಎದುರಿಗಿರಬಾರದು, ಬೆನ್ನಿಗೂ ಇರಬಾರದು, ಪಕ್ಕಕ್ಕಿರಲಿ. ಅಂಗಳದಲ್ಲಿ ಮಂಜು ತುಂಬಿದಾಗ ಎದುರಿನ ಕಿಟಕಿ ಬಿಳಿ ಪರದೆಯಂತೆ ಕಣ್ಣಿಗೆ ಹೊಡೆಯುತ್ತದೆ. ಡಾರ್ಕ್ ಮೋಡ್ ಎಲ್ಲರಿಗೂ ಹಿಡಿಸುವುದಿಲ್ಲ. ಕಣ್ಣಿನಲ್ಲಿ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷ) ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರಗಳ ಅಂಚು ಹರಡಿದಂತೆ ಕಾಣಬಹುದು.

ಇನ್ನು ರೆಪ್ಪೆಯ ವಿಷಯ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಬಡಿದರೂ ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣೀರಿನ ಪದರ ಒಡೆದು ಉರಿ ಶುರುವಾಗುವುದು ಅಲ್ಲಿಂದ. ಅಗ್ಗಿಷ್ಟಿಕೆಯ ಎದುರು ಕೂತು ಓದಿದರೆ ಶಾಖ, ಹೊಗೆ ಸೇರಿ ಇನ್ನೂ ಬೇಗ ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಸೆಕೆಂಡು, 20 ಅಡಿ ಆಚೆ ನೋಡಿ. ತೋಟದಲ್ಲಿ ರೊಬಸ್ಟಾ ಕಾಫಿ ಗಿಡಗಳನ್ನು ಹತ್ತಡಿಗೊಂದರಂತೆ ನೆಟ್ಟಿದ್ದರೆ, ಒಂದು ಗಿಡದ ಪಕ್ಕ ನಿಂತವರಿಗೆ ಅಲ್ಲಿಂದ ಎರಡನೆಯದು ಸರಿಯಾಗಿ ಆ ದೂರ. ಅದರಾಚೆಯ ಸಿಲ್ವರ್ ಮರದ ತುದಿಯಾದರೆ ಇನ್ನೂ ಒಳ್ಳೆಯದು. ಮಂಜಿನಲ್ಲಿ ಏನೂ ಕಾಣದಿದ್ದರೆ ಕಣ್ಣು ಮುಚ್ಚಿ ಕೂತರೂ ಸಾಕು. ಜೊತೆಗೆ ಮೇಲಿನ ರೆಪ್ಪೆ ಕೆಳಗಿನದಕ್ಕೆ ತಾಗುವಂತೆ ನಿಧಾನವಾಗಿ ಹತ್ತು ಸಲ ಮುಚ್ಚಿ ತೆರೆಯಿರಿ.

ಕಂಪ್ಯೂಟರ್ ಆದರೆ ಒಂದು ತೋಳಿನ ದೂರ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ. ನೋಟ ಇಳಿದಷ್ಟೂ ರೆಪ್ಪೆ ಕಣ್ಣನ್ನು ಹೆಚ್ಚು ಮುಚ್ಚುತ್ತದೆ, ನೀರು ಆರುವುದು ಕಡಿಮೆ.

ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹಣ ಹಾಕಬೇಡಿ. ಅದರಿಂದ ಕಣ್ಣಿನ ದಣಿವು ಇಳಿಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆ ಹಣದಲ್ಲಿ ಕಣ್ಣು ಪರೀಕ್ಷೆ ಮಾಡಿಸಿ. ನಲವತ್ತು ದಾಟಿದವರಿಗೆ ಚಾಳೀಸು ಬಂದಿದ್ದರೆ, ಪುಸ್ತಕಕ್ಕೆ ಕೊಟ್ಟ ಕನ್ನಡಕ ಕಂಪ್ಯೂಟರ್ ದೂರಕ್ಕೆ ಹೊಂದುವುದಿಲ್ಲ. ಮನೆಯಲ್ಲೇ ಟೇಪ್ ಹಿಡಿದು ಕಣ್ಣಿಂದ ಪರದೆಗೆ ಎಷ್ಟು ಸೆಂ.ಮೀ. ಎಂದು ಅಳೆದು, ಬರೆದುಕೊಂಡು ಹೋಗಿ ಹೇಳಿ. ಮೆಡಿಕಲ್ ಶಾಪಿನಿಂದ ಕೇಳಿ ತಂದ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಆಗಬಹುದು. ಒಂದೇ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅಥವಾ ದೃಷ್ಟಿ ಇದ್ದಕ್ಕಿದ್ದಂತೆ ಮಂಕಾದರೆ ಮಳೆ ನಿಲ್ಲಲಿ ಎಂದು ಕಾಯದೆ ಅಂದೇ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ.